ನಿಮಿಷಕ್ಕೆ 30 ಪದ: ಸಾಕ್ಷರತೆಯ ಅನುದಾನ ಮತ್ತು ಅಳತೆಗೋಲಿನ ಇತಿಹಾಸ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆದುಕೊಡು ಎಂದು ಗುರುಗಳು ಫೋನಿನಲ್ಲಿ ಹೇಳಿದಾಗ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಶಾಲೆಯಲ್ಲಿ ಕಲಿತವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಶಾಲೆಯ ಮಕ್ಕಳಿಂದ ಕಲಿತವರೂ ಈ ಊರಿನಲ್ಲಿದ್ದಾರೆ, ಅವರ ಬಗ್ಗೆ ಯಾರು ಬರೆಯುತ್ತಾರೆ? 1990ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿನ ಒಂಬತ್ತನೇ ತರಗತಿಯ ಹುಡುಗ ಹುಡುಗಿಯರು ಸಂಜೆ ಲಾಟೀನು ಹಿಡಿದು ಕೇರಿಗಳಿಗೆ ಹೋಗಿ ದೊಡ್ಡವರಿಗೆ ಅಕ್ಷರ ಕಲಿಸಿದರು. ನಮ್ಮ ಜಗಲಿಯಲ್ಲಿ ಹಾಗೆ ಕಲಿತ ಏಳೆಂಟು ಹೆಂಗಸರಲ್ಲಿ ನನ್ನ ಅವ್ವನೂ ಒಬ್ಬಳು. ಆಗ ನಾನು ಅವಳ ಮಡಿಲಲ್ಲಿದ್ದ ಕೂಸು. ಅವಳ ಪ್ರಮಾಣಪತ್ರ ಇಂದಿಗೂ ಟ್ರಂಕಿನಲ್ಲಿದೆ.

ಆ ಲಾಟೀನಿನ ಹಿಂದೆ ಒಂದು ದೊಡ್ಡ ಯೋಜನೆ ಇತ್ತು, ಒಂದು ಅನುದಾನ ಇತ್ತು, ಒಂದು ಅಳತೆಗೋಲೂ ಇತ್ತು. ಅವು ಹೇಗೆ ಬಂದವು, ಏನು ಮಾಡಿದವು ಎಂಬುದನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ನಮ್ಮ ನಾಡಿನಲ್ಲಿ ವಯಸ್ಕರ ಶಿಕ್ಷಣ ಹೊಸದೇನಲ್ಲ. 1940ರ ದಶಕದಲ್ಲೇ ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಕೆಲಸ ಆರಂಭಿಸಿತ್ತು. 1947ರಲ್ಲಿ ನಂಜನಗೂಡಿನಲ್ಲಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠ ತೆರೆಯಿತು. ಹೊಸದಾಗಿ ಓದಲು ಕಲಿತವರಿಗಾಗಿ 'ಬೆಳಕು' ಎಂಬ ವಾರಪತ್ರಿಕೆಯನ್ನು ಈ ಸಮಿತಿ ನಡೆಸಿತು. ಅಕ್ಷರ ಕಲಿಸಿದ ಮೇಲೆ ಓದುವುದಕ್ಕೆ ಏನಾದರೂ ಕೈಗೆ ಕೊಡಬೇಕು ಎಂಬ ತಿಳಿವಳಿಕೆ ಆ ಹಿರಿಯರಿಗೆ ಇತ್ತು. ಈ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ದೇಶದ ಮಟ್ಟದಲ್ಲಿ ದೊಡ್ಡ ಪ್ರಯತ್ನ ಆರಂಭವಾದದ್ದು 1978ರ ಅಕ್ಟೋಬರ್ 2ರಂದು, ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದ ಮೂಲಕ. 15ರಿಂದ 35 ವಯಸ್ಸಿನ 10 ಕೋಟಿ ಜನರಿಗೆ ಐದು ವರ್ಷಗಳಲ್ಲಿ ಓದು ಬರಹ ಕಲಿಸುವುದು ಗುರಿ. ಒಂದು ಕೇಂದ್ರ, ಸುಮಾರು 30 ಜನ ಕಲಿಯುವವರು, ಅಲ್ಪ ಗೌರವಧನದ ಒಬ್ಬ ಶಿಕ್ಷಕ, ಇದು ಅದರ ರಚನೆ. ಹಣ ಕೇಂದ್ರಗಳ ಲೆಕ್ಕದಲ್ಲಿ ಬರುತ್ತಿತ್ತು. ಎಷ್ಟು ಕೇಂದ್ರ ತೆರೆದಿವೆ, ಎಷ್ಟು ಹೆಸರು ದಾಖಲಾಗಿವೆ ಎಂದು ವರದಿ ಹೋಗುತ್ತಿತ್ತು. ಕಲಿತವರು ನಿಜವಾಗಿ ಏನು ಓದಬಲ್ಲರು ಎಂದು ಅಳೆಯುವ, ಎಲ್ಲರೂ ಒಪ್ಪಿದ ಗೋಲು ಇರಲಿಲ್ಲ.

ಆ ಗೋಲು ಬಂದದ್ದು 1988ರ ಮೇ 5ರಂದು ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್‌ನಿಂದ. ಮಿಷನ್ ಪ್ರಕಾರ ಸಾಕ್ಷರ ಎನ್ನಿಸಿಕೊಳ್ಳಲು ಸಹಿ ಹಾಕಿದರೆ ಸಾಲದು. ಸರಳವಾದ ಪಠ್ಯವನ್ನು ನಿಮಿಷಕ್ಕೆ 30 ಪದಗಳಂತೆ ಗಟ್ಟಿಯಾಗಿ ಓದಬೇಕು, ಮನಸ್ಸಿನಲ್ಲಿ ಓದುವಾಗ 35 ಪದ. ನೋಡಿ ಬರೆಯುವಾಗ ನಿಮಿಷಕ್ಕೆ 7 ಪದ, ಉಕ್ತಲೇಖನ 5 ಪದ. ಚಿಕ್ಕ ಪತ್ರ, ಅರ್ಜಿ ಬರೆಯಲು, ಫಾರಂ ತುಂಬಲು ಬರಬೇಕು. 1ರಿಂದ 100ರವರೆಗೆ ಅಂಕಿ ಓದಿ ಬರೆಯಬೇಕು, ಮೂರಂಕಿಯವರೆಗಿನ ಕೂಡು ಕಳೆ ಲೆಕ್ಕ ಮಾಡಬೇಕು. ಪಾಠ ಮೂರು ಪುಸ್ತಕಗಳಲ್ಲಿ, ಸುಮಾರು 200 ಗಂಟೆಗಳಲ್ಲಿ ಮುಗಿಯುತ್ತಿತ್ತು. ಪ್ರತಿ ಪುಸ್ತಕದೊಳಗೇ ಮೂರು ಪರೀಕ್ಷೆಗಳಿದ್ದವು, ಒಟ್ಟು ಒಂಬತ್ತು. ಓದು, ಬರಹ, ಲೆಕ್ಕ ಪ್ರತಿಯೊಂದರಲ್ಲೂ ಶೇ. 50, ಒಟ್ಟಾರೆ ಶೇ. 70 ಅಂಕ ಬಂದರೆ ತೇರ್ಗಡೆ. ಜನಗಣತಿಯವರು ಓದು ಬರಹ ಬರುತ್ತದೆಯೇ ಎಂದು ಕೇಳಿ ಬರೆದುಕೊಳ್ಳುತ್ತಾರೆ, ಓದಿಸಿ ನೋಡುವುದಿಲ್ಲ. ಮಿಷನ್ ಓದಿಸಿ ನೋಡಬೇಕು ಎಂದಿತು. ಇದು ಸಣ್ಣ ಸುಧಾರಣೆಯಲ್ಲ.

ಹಣದ ದಾರಿಯೂ ಬದಲಾಯಿತು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಾಕ್ಷರತಾ ಸಮಿತಿ ಸಂಘಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿ, ಅನುದಾನ ನೇರವಾಗಿ ಅದಕ್ಕೆ ಬರುತ್ತಿತ್ತು. ಕೇಂದ್ರ ಎರಡು ಪಾಲು, ರಾಜ್ಯ ಒಂದು ಪಾಲು. ಗಿರಿಜನ ಉಪಯೋಜನೆಯ ಪ್ರದೇಶಗಳಲ್ಲಿ ನಾಲ್ಕಕ್ಕೆ ಒಂದು. ಕಲಿಸುವ ಸ್ವಯಂಸೇವಕರಿಗೆ ಗೌರವಧನ ಇರಲಿಲ್ಲ. ಕೇರಳದ ಎರ್ನಾಕುಲಂ 1990ರ ಫೆಬ್ರವರಿಯಲ್ಲಿ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಘೋಷಣೆಯಾದ ಮೇಲೆ ಎಲ್ಲ ಕಡೆ ಉತ್ಸಾಹ ಹರಡಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಬಿಜಾಪುರ ಜಿಲ್ಲೆಗಳು ಮೊದಲ ಸಾಲಿನಲ್ಲಿದ್ದವು. ಅದೇ ವರ್ಷದ ಅಕ್ಟೋಬರ್, ನವೆಂಬರಿನಲ್ಲಿ ಭಾರತ ಜ್ಞಾನ ವಿಜ್ಞಾನ ಜಾಥಾ ಹಾಡು, ಬೀದಿ ನಾಟಕಗಳೊಂದಿಗೆ ದೇಶದ ಹಳ್ಳಿಗಳನ್ನು ಸುತ್ತಿತು. ಸಂಬಳವಿಲ್ಲದೆ ಪಾಠ ಹೇಳುವವರು ಬೇಕಾಗಿದ್ದರು. ನಮ್ಮಂಥ ಪ್ರೌಢಶಾಲೆಗಳ ಮಕ್ಕಳು ಸಿಕ್ಕರು.

ಈ ಆಂದೋಲನ ಅಳತೆಗೋಲಿಗೆ ಸಿಗದ ಕೆಲಸಗಳನ್ನೂ ಮಾಡಿತು. ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಹೆಂಗಸರು ಪಾಠದ ಪುಸ್ತಕದಲ್ಲಿ ಸಾರಾಯಿಯ ವಿರುದ್ಧ ನಿಂತ ಸೀತಮ್ಮ ಎಂಬಾಕೆಯ ಕಥೆ ಓದಿದರು. ಅಲ್ಲಿಂದ 1992ರ ಸಾರಾಯಿ ವಿರೋಧಿ ಚಳವಳಿ ಬೆಳೆದು ರಾಜ್ಯವನ್ನೇ ಅಲುಗಾಡಿಸಿತು. ನಿಮಿಷಕ್ಕೆ ಎಷ್ಟು ಪದ ಎಂಬ ಲೆಕ್ಕದಲ್ಲಿ ಇದಕ್ಕೆ ಅಂಕವಿಲ್ಲ. ಆದರೆ ಓದು ಬದುಕಿಗೆ ತಾಗಿದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಹಾಗಾದರೆ ಎಲ್ಲಿ ಎಡವಿತು? 1994ರಲ್ಲಿ ಅರುಣ್ ಘೋಷ್ ಅವರ ನೇತೃತ್ವದ ತಜ್ಞರ ಸಮಿತಿ ಆಂದೋಲನವನ್ನು ಪರಿಶೀಲಿಸಿತು. ಜನರ ಉತ್ಸಾಹವನ್ನು ಮೆಚ್ಚಿದ ಸಮಿತಿ, 'ಸಂಪೂರ್ಣ ಸಾಕ್ಷರ' ಎಂದು ಘೋಷಿಸುವ ಆತುರವನ್ನೂ, ಕಲಿತ ಅಕ್ಷರ ಎಷ್ಟು ಬೇಗ ಮರೆತುಹೋಗಬಹುದು ಎಂಬುದನ್ನೂ ಎತ್ತಿ ತೋರಿಸಿತು. ಅನುದಾನಕ್ಕೆ ಮುಕ್ತಾಯದ ದಿನಾಂಕ ಇರುತ್ತದೆ. ಪರೀಕ್ಷೆ ಆ ದಿನಾಂಕದೊಳಗೆ ನಡೆಯುತ್ತದೆ, ಅಂಕಿ ಮೇಲಕ್ಕೆ ಹೋಗುತ್ತದೆ, ಸಮಾರಂಭ ಆಗುತ್ತದೆ. ಒಂದು ವರ್ಷದ ನಂತರ ಅದೇ ವ್ಯಕ್ತಿಯನ್ನು ಅದೇ ಗೋಲಿನಿಂದ ಅಳೆಯಲು ಯಾರೂ ಬರುವುದಿಲ್ಲ. ನಾನು ಮಾಡುವ ಸಾಫ್ಟ್‌ವೇರ್ ಕೆಲಸದಲ್ಲಿ ಒಮ್ಮೆ ಪರೀಕ್ಷೆ ಮಾಡಿ ಕೈಬಿಟ್ಟ ಪ್ರೋಗ್ರಾಮನ್ನು ಯಾರೂ ನಂಬುವುದಿಲ್ಲ. ಮನುಷ್ಯರ ಓದಿನ ವಿಷಯದಲ್ಲಿ ನಾವು ಅದನ್ನು ನಂಬಿದೆವು.

ಇದು ನಮ್ಮ ಮನೆಯಲ್ಲೇ ನಡೆದ ಸಂಗತಿ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನನ್ನ ಪ್ರಗತಿಪತ್ರದಲ್ಲಿ ಗಣಿತದ ಮೇಷ್ಟ್ರು, ಹುಡುಗನ ಗಮನ ಸಾಲದು, ಪೋಷಕರು ಬಂದು ಕಾಣಬೇಕು ಎಂದು ಬರೆದಿದ್ದರು. ಅವ್ವ ಅದನ್ನು ತಿರುಗಿಸಿ ನೋಡಿ, ಏನು ಬರೆದಾರ ಎಂದು ನನ್ನನ್ನೇ ಕೇಳಿದಳು. ಚೆನ್ನಾಗಿ ಓದುತ್ತಿದ್ದಾನೆ ಅಂತ ಬರೆದಾರ ಎಂದೆ. ಅವಳು ಸಂತೋಷದಿಂದ ಸಹಿ ಹಾಕಿದಳು. ಹತ್ತು ವರ್ಷಗಳ ಹಿಂದೆ ಒಂಬತ್ತು ಪರೀಕ್ಷೆ ದಾಟಿದವಳು ಅವಳು. ಸಹಿ ಉಳಿದಿತ್ತು, ಓದು ಹೋಗಿತ್ತು. ವಿಚಿತ್ರವೆಂದರೆ ಲೆಕ್ಕ ಹೋಗಿರಲಿಲ್ಲ. ಹಾಲಿನ ಡೈರಿಯ ಪುಸ್ತಕದಲ್ಲಿ ಲೀಟರು, ರೂಪಾಯಿ ಎರಡನ್ನೂ ಅವಳು ದಿನವೂ ನೋಡುತ್ತಿದ್ದಳು, ಐವತ್ತು ಪೈಸೆ ತಪ್ಪಿದರೂ ಕೇಳುತ್ತಿದ್ದಳು. ದಿನವೂ ಬಳಸಿದ್ದು ಉಳಿಯಿತು, ಬಳಸದೆ ಬಿಟ್ಟದ್ದು ಅಳಿಯಿತು. ನಮ್ಮ ಮನೆಗೆ ಪತ್ರಿಕೆ ಬರುತ್ತಿರಲಿಲ್ಲ. ಪುಸ್ತಕವೆಂದರೆ ನನ್ನ ಪಠ್ಯಪುಸ್ತಕ ಮಾತ್ರ, ಅದನ್ನು ಅವಳೊಂದಿಗೆ ಕೂತು ಓದಬೇಕೆಂದು ನನಗೂ ಹೊಳೆಯಲಿಲ್ಲ.

ಈ ಕೊರತೆ ಯೋಜನೆ ಮಾಡಿದವರಿಗೆ ಗೊತ್ತಿರಲಿಲ್ಲ ಎನ್ನಲಾಗದು. ಸಾಕ್ಷರತೋತ್ತರ ಕಾರ್ಯಕ್ರಮ ಬಂತು, ಆಮೇಲೆ ಮುಂದುವರಿಕೆ ಶಿಕ್ಷಣ ಕೇಂದ್ರಗಳು ಬಂದವು. ಈ ಕೇಂದ್ರಗಳಿಗೆ ಮೊದಲ ಮೂರು ವರ್ಷ ಪೂರ್ತಿ ಹಣ ಕೇಂದ್ರ ಸರ್ಕಾರದ್ದು, ನಾಲ್ಕು ಮತ್ತು ಐದನೇ ವರ್ಷ ಅರ್ಧರ್ಧ, ಆಮೇಲೆ ರಾಜ್ಯದ ಹೊಣೆ. 2009ರ ಸೆಪ್ಟೆಂಬರ್ 8ರಂದು ಆರಂಭವಾದ 'ಸಾಕ್ಷರ ಭಾರತ್' ಮಹಿಳೆಯರಿಗೆ ಒತ್ತು ಕೊಟ್ಟಿತು. 7 ಕೋಟಿ ಜನರ ಗುರಿಯಲ್ಲಿ 6 ಕೋಟಿ ಮಹಿಳೆಯರು. ಗ್ರಾಮ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಅಲ್ಲಿ ತಿಂಗಳಿಗೆ 2,000 ರೂಪಾಯಿ ಗೌರವಧನದ ಇಬ್ಬರು ಪ್ರೇರಕರು. ಪರೀಕ್ಷೆಯ ಪ್ರಮಾಣಪತ್ರಕ್ಕೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮುದ್ರೆ ಬಿತ್ತು. ಇದರಿಂದ ಗುಣಮಟ್ಟಕ್ಕೆ ಒಂದು ಘನತೆ ಬಂತು. ಆದರೆ 2018ರ ಮಾರ್ಚ್ 31ಕ್ಕೆ ಯೋಜನೆ ಮುಗಿದಾಗ ಪ್ರೇರಕರ ಹುದ್ದೆಯೂ ಮುಗಿಯಿತು.

ಸಾಧನೆಯನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಕರ್ನಾಟಕದ ಮಹಿಳಾ ಸಾಕ್ಷರತೆ 1991ರಲ್ಲಿ ಶೇ. 44.34 ಇದ್ದದ್ದು 2001ರಲ್ಲಿ ಶೇ. 56.87, 2011ರಲ್ಲಿ ಶೇ. 68.08 ಆಯಿತು. ಇದರಲ್ಲಿ ಶಾಲೆಗೆ ಹೋದ ಹೆಣ್ಣುಮಕ್ಕಳ ಪಾಲು ದೊಡ್ಡದು. ಆ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿದ ತಾಯಂದಿರಲ್ಲಿ ಜಗಲಿಯ ಮೇಲೆ ಅಕ್ಷರ ತಿದ್ದಿದವರೂ ಇದ್ದರು. ನನ್ನ ಅಕ್ಕನನ್ನು ಏಳನೇ ತರಗತಿಗೆ ಬಿಡಿಸಬೇಕೆಂದು ಮನೆಯ ಹಿರಿಯರು ಹೇಳಿದಾಗ ಬೇಡವೆಂದು ನಿಂತವಳು ಅವ್ವನೇ.

ಈಗಿನದು 2022ರಿಂದ 2027ರವರೆಗಿನ ನವ ಭಾರತ ಸಾಕ್ಷರತಾ ಕಾರ್ಯಕ್ರಮ, ಜನರ ಬಾಯಲ್ಲಿ 'ಉಲ್ಲಾಸ್'. 5 ಕೋಟಿ ಜನರಿಗೆ 1,037.90 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರದ್ದು 700 ಕೋಟಿ, ರಾಜ್ಯಗಳದ್ದು 337.90 ಕೋಟಿ. ಭಾಗಿಸಿ ನೋಡಿದರೆ ತಲೆಗೆ 208 ರೂಪಾಯಿಯೂ ಆಗುವುದಿಲ್ಲ. ಕಲಿಸುವವರು ಮತ್ತೆ ಸ್ವಯಂಸೇವಕರು. ಆದರೆ ಇದರಲ್ಲಿ ನಮಗೆ ಸಂಬಂಧಿಸಿದ ಒಂದು ಮಾತಿದೆ. ಈ ಕಾರ್ಯಕ್ರಮ ಜಾರಿಯಾಗುವ ಘಟಕ ಶಾಲೆ. ಮೂವತ್ತು ವರ್ಷಗಳ ಹಿಂದೆ ನಮ್ಮ ಮಕ್ಕಳು ಮಾಡಿದ ಕೆಲಸ ಈಗ ಮತ್ತೆ ಶಾಲೆಯ ಬಾಗಿಲಿಗೆ ಬಂದಿದೆ.

ಅದಕ್ಕಾಗಿ ಗುರುಗಳಲ್ಲಿ, ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿನಂತಿ. ಸರ್ಕಾರದ ಪರೀಕ್ಷೆ ಮುಗಿದ ಒಂದು ವರ್ಷಕ್ಕೆ ಅದೇ ಜನರನ್ನು ಕರೆದು, ನಿಮಿಷಕ್ಕೆ 30 ಪದ ಓದುತ್ತಾರೆಯೇ ಎಂದು ನಾವೇ ನೋಡೋಣ. ಎರಡನೇ ವರ್ಷವೂ ನೋಡೋಣ. ವಾರಕ್ಕೊಂದು ಸಂಜೆ ಶಾಲೆಯ ಗ್ರಂಥಾಲಯದ ಬಾಗಿಲನ್ನು ತಾಯಂದಿರಿಗೆ ತೆರೆದಿಡೋಣ, ಪತ್ರಿಕೆಯ ಖರ್ಚನ್ನು ಹಳೆಯ ವಿದ್ಯಾರ್ಥಿಗಳು ಹೊರೋಣ. ಪ್ರಗತಿಪತ್ರಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ಬರೆದದ್ದನ್ನು ತಾಯಿಯೋ ತಂದೆಯೋ ಮೇಷ್ಟ್ರ ಎದುರು ಓದಲಿ, ತಡವರಿಸಿದರೆ ಮಕ್ಕಳು ಜೊತೆಗೂಡಲಿ. ಇದಕ್ಕೆ ಯಾವ ಅನುದಾನವೂ ಬೇಡ, ಯಾವ ಮುಕ್ತಾಯದ ದಿನಾಂಕವೂ ಇಲ್ಲ.

ಕಳೆದ ಯುಗಾದಿಗೆ ಊರಿಗೆ ಬಂದಾಗ ಅವ್ವನಿಗೆ ಆ ಪ್ರಗತಿಪತ್ರದ ಸಂಗತಿ ಹೇಳಿದೆ. ಅವಳು ಬೈಯಲಿಲ್ಲ. ಈಗ ಓದಿ ಹೇಳು, ನಿಜವಾಗಿ ಏನು ಬರೆದಿದ್ದರು ಎಂದಳು. ಟ್ರಂಕಿನಿಂದ ತೆಗೆದು ಅವಳ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಆ ಒಂದು ಸಾಲಿಗೆ ಮೂರು ನಿಮಿಷ ಹಿಡಿಯಿತು. ಈಗ ಸಂಜೆ ಫೋನು ಮಾಡಿದಾಗ ಅವಳು ಒಂದು ಸುದ್ದಿಯನ್ನಾದರೂ ಓದಿ ಹೇಳುತ್ತಾಳೆ, ನಾನು ಗಡಿಯಾರ ನೋಡುವುದಿಲ್ಲ.