ಕಾಗದದಲ್ಲಿ ಬರೆದ ಕಾಲ: ‘ಗೂನ್ ಷೋ’ವಿನ ಒಂದು ಶ್ರವ್ಯಪ್ರಹಸನ

ಹಾಸ್ಯರಸದ ವಿಭಾವಗಳನ್ನು ಎಣಿಸುವಾಗ ಭರತಮುನಿಯು ವಿಕೃತವಾದ ವೇಷಾಲಂಕಾರಗಳನ್ನು ಮೊದಲು ಹೇಳಿ, ಬಳಿಕ ಧಾರ್ಷ್ಟ್ಯ, ಅಸತ್ಪ್ರಲಾಪ, ಅಂಗವೈಕಲ್ಯದರ್ಶನ ಮುಂತಾದವುಗಳನ್ನು ಹೇಳಿರುವನು. ರೇಡಿಯೋ ನಾಟಕದಲ್ಲಿ ವೇಷವಿಲ್ಲ, ಅಂಗವಿಕಾರವೂ ಇಲ್ಲ. ಆಂಗಿಕ, ಆಹಾರ್ಯಗಳೆರಡೂ ತೊಲಗಿ, ವಾಚಿಕವೊಂದೇ ಸಮಸ್ತಭಾರವನ್ನೂ ಹೊರಬೇಕಾಗುತ್ತದೆ. ಇಂತಹ ಶ್ರವ್ಯಹಾಸ್ಯಕ್ಕೆ ಅಸತ್ಪ್ರಲಾಪವೇ, ಎಂದರೆ ಅಸಂಬದ್ಧವಾದ ಮಾತೇ, ಏಕೈಕ ಮಾರ್ಗವೆಂಬುದು ಸಾಮಾನ್ಯವಾದ ಅಭಿಪ್ರಾಯ. ಇಂಗ್ಲೆಂಡಿನ ‘ಗೂನ್ ಷೋ’ ಎಂಬ ನಾಟಕಮಾಲೆಯನ್ನು ನಿರರ್ಥಕಪ್ರಲಾಪವೆಂದು ಕರೆಯುವವರ ವಾದಕ್ಕೂ ಇದೇ ಆಧಾರ. ಅದರ ಒಂದು ಸಂಚಿಕೆಯನ್ನಾದರೂ ಪರೀಕ್ಷಿಸಿ ನೋಡಿದಲ್ಲಿ ಈ ವಾದವು ನಿಲ್ಲುವಂತೆ ತೋರುವುದಿಲ್ಲ.

ಈ ಮಾಲೆಯು 1951ನೆಯ ಮೇ 28ರಂದು ಬಿ.ಬಿ.ಸಿ.ಯಲ್ಲಿ ‘ಕ್ರೇಜಿ ಪೀಪಲ್’ ಎಂಬ ಹೆಸರಿನಿಂದ ಆರಂಭವಾಗಿ, 1960ನೆಯ ಜನವರಿ 28ರಂದು ಮುಗಿಯಿತು. ಸ್ಪೈಕ್ ಮಿಲ್ಲಿಗನ್, ಪೀಟರ್ ಸೆಲ್ಲರ್ಸ್, ಹ್ಯಾರಿ ಸೀಕೊಂಬ್ ಈ ಮೂವರೇ ಅದರ ಮುಖ್ಯನಟರು. ಮೊದಲಲ್ಲಿ ಮೈಕೇಲ್ ಬೆಂಟೈನನೂ ಇದ್ದನು. ರಚನೆಯ ಭಾರವು ಬಹುಮಟ್ಟಿಗೆ ಮಿಲ್ಲಿಗನ್ನನ ಮೇಲೆಯೇ ಬಿದ್ದಿತ್ತು. ಆತನು 1918ರಲ್ಲಿ ನಮ್ಮ ದೇಶದ ಅಹಮದ್‌ನಗರದಲ್ಲಿ ಸೈನಿಕನ ಮಗನಾಗಿ ಹುಟ್ಟಿದವನು.

ಇಲ್ಲಿ ವಿಚಾರಿಸತಕ್ಕ ಸಂಚಿಕೆಯು 1957ನೆಯ ಫೆಬ್ರವರಿ 7ರಂದು ಪ್ರಸಾರವಾದದ್ದು. ಅದರ ಹೆಸರನ್ನು ‘ಮೂಗಿಗೆ ಬಿದ್ದ ನಿಗೂಢವಾದ ಗುದ್ದು’ ಎಂದು ಕನ್ನಡಿಸಬಹುದು. ಕಥೆಯು ಹೇಗಾದರೂ ಇರಲಿ. ಅದರಲ್ಲಿ ಸಾರವತ್ತಾದದ್ದು ಎಕಲ್ಸ್, ಬ್ಲೂಬಾಟಲ್ ಎಂಬ ಇಬ್ಬರು ಮುಗ್ಧರ ಸಂವಾದ. ಗಂಟೆಯೆಷ್ಟೆಂದು ಬ್ಲೂಬಾಟಲನು ಕೇಳಲು, ಎಕಲ್ಸನು ಒಂದು ಕಾಗದದ ಚೂರನ್ನು ನೋಡಿ ಎಂಟು ಗಂಟೆಯೆನ್ನುತ್ತಾನೆ. ಬೆಳಿಗ್ಗೆ ಯಾರೋ ಸಜ್ಜನನು ಅದನ್ನು ಬರೆದುಕೊಟ್ಟನಂತೆ. ಕೇಳಿದವರಿಗೆ ತೋರಿಸುವುದಕ್ಕಾಗಿ ಅದನ್ನು ಇಟ್ಟುಕೊಂಡಿದ್ದಾನೆ. ಕೇಳಿದಾಗ ಎಂಟು ಗಂಟೆಯಾಗಿರದಿದ್ದರೆ? ಆಗ ತೋರಿಸುವುದಿಲ್ಲ. ಎಂಟು ಗಂಟೆಯಾಯಿತೆಂದು ತಿಳಿಯುವ ಬಗೆ ಹೇಗೆ? ಕಾಗದದಲ್ಲಿ ಬರೆದಿದೆಯಲ್ಲ!

ಇದು ಅಸಂಬದ್ಧವೆನ್ನುವುದು ಯುಕ್ತವಲ್ಲ. ಒಂದೊಂದು ಉತ್ತರವೂ ಹಿಂದಿನ ಪ್ರಶ್ನೆಗೆ ನೇರವಾಗಿಯೇ ಹೊಂದಿಕೊಂಡಿದೆ. ದೋಷವಿರುವುದು ಸಂಬಂಧದಲ್ಲಿ ಅಲ್ಲ, ಪ್ರಮಾಣದಲ್ಲಿ. ಕಾಗದವು ಎಂಟು ಗಂಟೆಯಲ್ಲಿ ಮಾತ್ರ ಪ್ರಮಾಣ. ಎಂಟು ಗಂಟೆಯೆಂಬ ಜ್ಞಾನಕ್ಕಾದರೋ ಕಾಗದವೇ ಪ್ರಮಾಣ. ತಾರ್ಕಿಕರು ಅನ್ಯೋನ್ಯಾಶ್ರಯವೆಂದು ಕರೆಯುವ ದೋಷಕ್ಕೆ ಇದಕ್ಕಿಂತ ನಿರ್ಮಲವಾದ ಉದಾಹರಣೆಯು ಪಾಠಶಾಲೆಯ ಗ್ರಂಥಗಳಲ್ಲಿಯೂ ವಿರಳ. ಎಕಲ್ಸನು ಆಪ್ತವಾಕ್ಯವನ್ನು ಪ್ರತ್ಯಕ್ಷಕ್ಕಿಂತ ಮೇಲೆಂದು ನಂಬಿದ್ದಾನೆ; ಬರೆದವನು ಸುಳ್ಳನ್ನೇನೂ ಬರೆದಿಲ್ಲ. ಆದಕಾರಣ ಈತನು ನಮ್ಮ ವಿದೂಷಕನ ವರ್ಗಕ್ಕೆ ಸೇರುವವನಲ್ಲ. ವಿದೂಷಕನು ಅನೇಕವೇಳೆ ತಿಳಿದೇ ನಗಿಸುವನು. ಇವನಿಗೆ ತಾನು ನಗಿಸುತ್ತಿರುವುದೂ ತಿಳಿಯದು.

ಮುಂದಿನ ಭಾಗವು ಇನ್ನೂ ಸ್ವಾರಸ್ಯವಾಗಿದೆ. ಅಂತಹ ಕಾಗದವನ್ನು ಕೊಳ್ಳುವ ಶಕ್ತಿ ತನಗಿಲ್ಲವಲ್ಲಾ ಎಂದು ಬ್ಲೂಬಾಟಲನು ಮರುಗಿ, ಅದನ್ನು ಕಿವಿಗೆ ಹಿಡಿದು ನೋಡುತ್ತಾನೆ. ಕಾಗದವು ನಡೆಯುತ್ತಿಲ್ಲ! ತಾನು ಮೋಸಹೋದೆನೆಂದು ಎಕಲ್ಸನು ಹಲುಬುತ್ತಾನೆ. ಎಂಟಕ್ಕೇ ಅದು ನಿಂತುಹೋದ ಕಾರಣವು ಆಗ ಹೊಳೆಯುತ್ತದೆ. ರಂಗಸ್ಥಳದಲ್ಲಿ ಈ ಹಾಸ್ಯಕ್ಕೆ ಅರ್ಧಬಲವೂ ಬರಲಾರದು. ಅಲ್ಲಿ ಪ್ರೇಕ್ಷಕನು ಕಾಗದವನ್ನು ಕಣ್ಣಿಂದ ಕಂಡು ಮುಂದಾಗಿಯೇ ನಕ್ಕುಬಿಡುವನು. ಇಲ್ಲಿ ಶ್ರೋತೃವಿಗೂ ಕಿವಿಯೊಂದೇ ಇಂದ್ರಿಯ; ಬ್ಲೂಬಾಟಲನು ಆಲಿಸುವ ನಿಶ್ಶಬ್ದವನ್ನೇ ಅವನೂ ಆಲಿಸುವನು.

ಬ್ಲೂಬಾಟಲನಿಗೆ ಇನ್ನೊಂದು ಅಭ್ಯಾಸವುಂಟು. ನಟನಿಗಾಗಿ ಬರೆದ ರಂಗಸೂಚನೆಗಳನ್ನೂ ಅವನು ಮಾತಿನೊಡನೆ ಗಟ್ಟಿಯಾಗಿ ಓದಿಬಿಡುವನು. ಶಕಾರನು ‘ಇತಿ ನಿಷ್ಕ್ರಾಂತಃ’ ಎಂಬುದನ್ನೂ ತನ್ನ ಬಾಯಿಂದಲೇ ಹೇಳಿ ಹೊರಟಂತೆ ಎಣಿಸಿಕೊಳ್ಳಬಹುದು. ಭಾಣದಲ್ಲಿ ವಿಟನೊಬ್ಬನೇ ನಿಂತು, ಕಾಣದವರ ಮಾತುಗಳನ್ನು ಆಕಾಶಭಾಷಿತದಿಂದ ಒದಗಿಸಿಕೊಳ್ಳುತ್ತಾನೆ. ಕಣ್ಣಿಗೆ ಕೊರತೆಯಾದುದನ್ನು ಮಾತಿನಿಂದ ತುಂಬುವ ಉಪಾಯವು ಎರಡು ಕಡೆಯೂ ಒಂದೇ. (ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ಥಾಪಿಸಿದ ಪ್ರಸಾರಕೇಂದ್ರಕ್ಕೆ ‘ಆಕಾಶವಾಣಿ’ಯೆಂಬ ಹೆಸರು ಬಂದುದು ಈ ಪ್ರಸಂಗದಲ್ಲಿ ನೆನಪಿಗೆ ಬಾರದಿರದು.)

ಈ ನಗೆಯು ಅಗ್ಗವಾಗಿ ದೊರೆತದ್ದಲ್ಲ. ಮಿಲ್ಲಿಗನ್ನನು 1944ನೆಯ ಜನವರಿಯಲ್ಲಿ ಇಟಲಿಯ ರಣರಂಗದಲ್ಲಿ ಗಾಯಗೊಂಡು, ಮನಸ್ಸಿನ ಸ್ವಾಸ್ಥ್ಯವನ್ನೂ ಕಳೆದುಕೊಂಡಿದ್ದನು. ವಾರಕ್ಕೊಂದು ನಾಟಕವನ್ನು ಬರೆಯುವ ಶ್ರಮದಿಂದ 1952ರ ಕೊನೆಯಲ್ಲಿ ಆ ವ್ಯಾಧಿಯು ಉಲ್ಬಣಿಸಿ ಆತನು ಚಿಕಿತ್ಸಾಲಯವನ್ನು ಸೇರಬೇಕಾಯಿತು. ಅನಂತರದ ರಚನೆಗಳಲ್ಲಿ ಕೆಲವಕ್ಕೆ ಲ್ಯಾರಿ ಸ್ಟೀಫನ್ಸನು ಸಹಾಯಕನಾದನು. ಪ್ರಕೃತ ಸಂಚಿಕೆಯು ಅವರಿಬ್ಬರದೂ ಆಗಿರುತ್ತದೆ. ಕಣ್ಣಿಗೆ ಕಾಣುವುದಕ್ಕಿಂತ ಕಾಗದದ ಆಜ್ಞೆಯೇ ನಿಜವೆಂದು ನಡೆಯುವ ಸೈನ್ಯದಲ್ಲಿ ವರ್ಷಗಟ್ಟಲೆ ಇದ್ದವನಿಗೆ ಎಕಲ್ಸನ ಕಾಗದವು ಕೇವಲ ಕಲ್ಪನೆಯಾಗಿ ತೋರಿರಲಾರದು. ಮಾಲೆಯ ಮೊದಲ ವರ್ಷಗಳ ಧ್ವನಿಮುದ್ರಿಕೆಗಳು ಬಹುಪಾಲು ನಷ್ಟವಾಗಿವೆ. ಈ ಸಂಚಿಕೆಯು ಮಾತ್ರ ಉಳಿದು ಬಂದಿರುವುದರಿಂದ, ಆ ನಿಶ್ಶಬ್ದವನ್ನು ಇಂದಿಗೂ ಕೇಳಬಹುದಾಗಿದೆ.