ಹಬ್ಬದ ರಾತ್ರಿಯ ಒಂದು ನಗೆಚಿತ್ರ

ಕನ್ನಡ ಚಲಚ್ಚಿತ್ರದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಎರಡು ಊರುಗಳ ಮಾತನ್ನಾಡುತ್ತಾರೆ. ಒಂದು, ಬಹುಕಾಲ ನಮ್ಮ ಚಿತ್ರಗಳು ತಯಾರಾಗುತ್ತಿದ್ದ ಮದರಾಸು. ಇನ್ನೊಂದು, ಅವು ಓಡುತ್ತಿದ್ದ ಬೆಂಗಳೂರಿನ ಗಾಂಧಿನಗರ. ಯಾವ ಚಿತ್ರ ಯಾವ ಟಾಕೀಸಿನಲ್ಲಿ ಎಷ್ಟು ವಾರ ನಿಂತಿತು ಎಂಬ ಲೆಕ್ಕ ನಮಗೆ ಸಿಗುತ್ತದೆ. ಆದರೆ ಟಾಕೀಸಿನಿಂದ ಇಳಿದ ಮೇಲೆ ಆ ಚಿತ್ರ ಎಲ್ಲಿಗೆ ಹೋಯಿತು, ಯಾರ ಮನೆಯ ಪಡಸಾಲೆಯಲ್ಲಿ ಎಷ್ಟು ಸಲ ಓಡಿತು, ಅದನ್ನು ನೋಡಿ ನಕ್ಕವರು ಯಾರು ಎಂಬುದನ್ನು ಬರೆದಿಟ್ಟವರು ವಿರಳ. ಹಾಗೆ ನೋಡಿದರೆ ನಾನು ಹೇಳಹೊರಟಿರುವ ಚಿತ್ರ ನನ್ನ ಪಾಲಿಗೆ ಟಾಕೀಸಿನದ್ದೇ ಅಲ್ಲ. ಅದು ಧನಗೆರೆಯ ನಮ್ಮ ಮನೆಯ ಪಡಸಾಲೆಯದು.

1990ರಲ್ಲಿ ಫಣಿ ರಾಮಚಂದ್ರ ಅವರು ನಿರ್ದೇಶಿಸಿದ 'ಗಣೇಶನ ಮದುವೆ'ಯನ್ನು ನೋಡದ ಕನ್ನಡಿಗರು ಅಪರೂಪ. ಕಥೆ ಸರಳವಾದದ್ದು. ರಮಣಮೂರ್ತಿ ಎಂಬ ಜುಗ್ಗನ ವಠಾರ. ಅಲ್ಲಿ ವೈ. ಜಿ. ರಾವ್ ಎಂಬ ಬಾಡಿಗೆದಾರನಿಗೂ ಆದಿಲಕ್ಷ್ಮಿ ಎಂಬ ಹುಡುಗಿಗೂ ಹಾವು ಮುಂಗುಸಿಯ ಸಂಬಂಧ. ಬೆಳಗಾದರೆ ಜಗಳ, ಬೈಗಾದರೆ ಜಗಳ. ಆದರೆ ಅದೇ ರಾವ್ 'ಗಣೇಶ'ನೆಂಬ ಹೆಸರಿನಲ್ಲಿ, ಮುಖ ಕಾಣದ ಶ್ರುತಿ ಎಂಬ ಹಾಡುಗಾರ್ತಿಗೆ ಮನಸೋತು ಕಾಗದ ಬರೆಯುತ್ತಾನೆ. ಆ ಶ್ರುತಿಯೇ ಆದಿಲಕ್ಷ್ಮಿ! ಎದುರಿಗೆ ನಿಂತರೆ ಕಚ್ಚಾಡುವವರು ಕಾಗದದಲ್ಲಿ ಕರಗಿ ಹೋಗುತ್ತಾರೆ. ಅನಂತನಾಗ್, ವಿನಯಾಪ್ರಸಾದ್, ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಸಂಗೀತ ರಾಜನ್-ನಾಗೇಂದ್ರ ಅವರದು. ಚಂದ್ರು ಅವರ ಹೆಸರಿನ ಹಿಂದೆ ಅಂಟಿಕೊಂಡ 'ಮುಖ್ಯಮಂತ್ರಿ' ರಾಜಕೀಯದಿಂದ ಬಂದುದಲ್ಲ, ಅದೇ ಹೆಸರಿನ ನಾಟಕದಿಂದ ಬಂದುದು ಎಂಬುದನ್ನು ಈಗಿನ ಹುಡುಗರಿಗೆ ಹೇಳಬೇಕಾಗಿದೆ.

ಈ ಕಥಾತಂತ್ರ ನಮಗೊಬ್ಬರಿಗೇ ಸೇರಿದ್ದಲ್ಲ. ಹಂಗೇರಿಯ ಮಿಕ್ಲೋಸ್ ಲಾಸ್ಲೋ ಎಂಬಾತ 1937ರಲ್ಲಿ ಒಂದು ನಾಟಕ ಬರೆದ. ಒಂದೇ ಅಂಗಡಿಯಲ್ಲಿ ಕೆಲಸ ಮಾಡುತ್ತ ಸದಾ ಕಿತ್ತಾಡುವ ಇಬ್ಬರು, ತಮಗೇ ತಿಳಿಯದೆ ಪರಸ್ಪರ ಪ್ರೇಮಪತ್ರ ಬರೆದುಕೊಳ್ಳುವ ಕಥೆ ಅದು. ಅದನ್ನಾಧರಿಸಿ ಅರ್ನ್‌ಸ್ಟ್ ಲುಬಿಚ್ 1940ರಲ್ಲಿ 'ದಿ ಶಾಪ್ ಅರೌಂಡ್ ದಿ ಕಾರ್ನರ್' ಎಂಬ ಚಿತ್ರ ಮಾಡಿದ. ಅದು ಮುಗಿಯುವುದು ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ. ಆದ್ದರಿಂದಲೇ ಅಮೆರಿಕದ ಎಷ್ಟೋ ಮನೆಗಳಲ್ಲಿ ಪ್ರತಿ ಡಿಸೆಂಬರಿನಲ್ಲಿ ಅಜ್ಜ ಅಜ್ಜಿ ಮೊಮ್ಮಕ್ಕಳೆಲ್ಲ ಕೂತು ಅದನ್ನು ಮತ್ತೆ ನೋಡುವ ಪದ್ಧತಿ ಬೆಳೆದಿದೆ. ಮುಂದೇನಾಗುವುದೆಂದು ಎಲ್ಲರಿಗೂ ಗೊತ್ತು, ಗೊತ್ತಿದ್ದೇ ನೋಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಬಯಲಾಟವನ್ನು ನೋಡುತ್ತಿದ್ದುದೂ ಹೀಗೆಯೇ ಅಲ್ಲವೆ? ಕೀಚಕ ಸಾಯುವನೆಂದು ತಿಳಿದೇ ಬೆಳಗಿನವರೆಗೆ ಕಾಯುತ್ತಿದ್ದರು.

ಅಂತಹ ಹಬ್ಬದ ಚಿತ್ರ ನಮ್ಮ ಮನೆಗೂ ಒಂದಿದೆಯೆಂದರೆ ಅದು 'ಗಣೇಶನ ಮದುವೆ'. ಹಬ್ಬಕ್ಕೂ ಚಿತ್ರಕ್ಕೂ ಇರುವ ನಂಟು ಬರಿಯ ಹೆಸರಿನದು. ಆದರೆ ಹೆಸರಿನ ನಂಟೇ ಸಾಕಾಯಿತು.

ಅದು ಬಂದ ಬಗೆಯನ್ನು ಹೇಳಬೇಕು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಮರುವರ್ಷ ದಿಲ್ಲಿಯ ಏಷ್ಯಾ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿ.ವಿ. ಬಂದಿತು, ಅದರ ಬೆನ್ನಿಗೇ ವಿಡಿಯೋ ಯಂತ್ರಗಳೂ ಬಂದುವು. ಜಪಾನಿನ ಜೆವಿಸಿ ಸಂಸ್ಥೆ 1976ರಲ್ಲಿ ಹೊರತಂದ ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಅರ್ಧ ಅಂಗುಲದ ಪಟ್ಟಿ. ಸಾಮಾನ್ಯ ಕ್ಯಾಸೆಟ್ಟಿಗೆ ಮೂರು ಗಂಟೆಯ ಆಯುಷ್ಯ. ಹಾಡು, ಹೊಡೆದಾಟ, ಹಾಸ್ಯ ಎಲ್ಲ ಸೇರಿದ ನಮ್ಮ ಚಿತ್ರ ಒಂದೇ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿತ್ತು. ಕದ್ದು ಮಾಡಿದ ಪ್ರತಿಗಳು ಎಷ್ಟು ಬೇಗ ಹರಡಿದುವೆಂದರೆ, 1984ರಲ್ಲಿ ಕೃತಿಸ್ವಾಮ್ಯದ ಕಾಯಿದೆಯನ್ನೇ ತಿದ್ದಬೇಕಾಯಿತು. ಯಂತ್ರವನ್ನು ಕೊಳ್ಳುವ ಶಕ್ತಿ ಹಳ್ಳಿಯವರಿಗೆ ಎಲ್ಲಿಯದು? ಪೇಟೆಯಿಂದ ಒಂದು ರಾತ್ರಿಗೆ ಬಾಡಿಗೆಗೆ ತರುತ್ತಿದ್ದರು. ತರುತ್ತಿದ್ದುದು ವಿ.ಸಿ.ಪಿ.; ಅದು ತೋರಿಸುತ್ತದೆ, ಮುದ್ರಿಸಿಕೊಳ್ಳುವುದಿಲ್ಲ. ಶಿವರಾತ್ರಿಯ ಜಾಗರಣೆಗೆ, ಗಣೇಶನ ಹಬ್ಬಕ್ಕೆ, ಮದುವೆ ಮನೆಗೆ ಅದು ಬರುತ್ತಿತ್ತು. ಭಜನೆಯ ಜಾಗದಲ್ಲಿ ಅದು ಕೂತದ್ದನ್ನು ಕಂಡು ಗೊಣಗಿದ ಹಿರಿಯರೂ ಉಂಟು. ಗೊಣಗಿದವರೇ ಮುಂದಿನ ಸಾಲಿನಲ್ಲಿ ಕಂಬಳಿ ಹಾಸಿಕೊಳ್ಳುತ್ತಿದ್ದರು.

ನಮ್ಮೂರಿಗೆ ಯಂತ್ರ ತರುತ್ತಿದ್ದಾತ ಕೊಳ್ಳೇಗಾಲದವನು. ಟಿ.ವಿ.ಯನ್ನು ಕೌದಿಯಲ್ಲಿ ಸುತ್ತಿ, ವಿ.ಸಿ.ಪಿ.ಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದ. ಚಿತ್ರದ ಮೇಲೆ ಮಳೆ ಸುರಿದಂತೆ ಗೆರೆಗಳು ಬಿದ್ದರೆ, ಮುಚ್ಚಳ ತೆರೆದು ಹತ್ತಿಗೆ ಸ್ಪಿರಿಟ್ ಅದ್ದಿ ಒಳಗಿನ ತಲೆಯನ್ನು ಒರೆಸುವನು. ಆಗ ಊರಿಗೆ ಊರೇ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಗಣೇಶನಿಗೆ ನಮ್ಮೂರು, ಕ್ರಿಸ್‌ಮಸ್ಸಿಗೆ ಮಾರ್ಟಳ್ಳಿ ಎಂದು ಆತ ಹೇಳುತ್ತಿದ್ದ. ಅಲ್ಲಿನ ಕ್ರೈಸ್ತರ ಮನೆಮಾತು ತಮಿಳು. 'ಅಲ್ಲಿಗೆ ತಮಿಳು ಕ್ಯಾಸೆಟ್ಟು, ಇಲ್ಲಿಗೆ ಕನ್ನಡದ್ದು. ಯಂತ್ರ ಮಾತ್ರ ಒಂದೇ' ಎಂಬುದು ಆತನ ಮಾತು. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಪಕ್ಕದ ಯಳಂದೂರು ಪೂರ್ಣಯ್ಯನವರ ಜಹಗೀರು, ಮೈಸೂರು ಸೀಮೆ. ಎರಡು ರಾಜ್ಯ ಎರಡು ಭಾಷೆಗಳ ಆ ಹಳೆಯ ಇತಿಹಾಸ ಆತನ ಕೈಚೀಲದಲ್ಲಿ ಕ್ಯಾಸೆಟ್ಟುಗಳಾಗಿ ಕೂತಿತ್ತು.

ನನ್ನ ನೆನಪಿನ ರಾತ್ರಿ 1992ರದು. ಆ ವರ್ಷ ನಮ್ಮ ಸೀಮೆಗೆ ಒಳ್ಳೆಯದಾಗಿರಲಿಲ್ಲ. ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ಬಿದ್ದು ಪೊಲೀಸರನ್ನು ಕೊಂದಿತ್ತು. ಆಗಸ್ಟಿನಲ್ಲಿ ಮೀಣ್ಯದ ಬಳಿ ಹೊಂಚಿ ಎಸ್ಪಿ ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ಪ್ರಾಣ ತೆಗೆದಿತ್ತು. ಅದೇ ತಿಂಗಳ ಕೊನೆಗೆ ಗಣೇಶನ ಹಬ್ಬ. ಕಾಡು ನಮ್ಮೂರಿಗೆ ದೂರವೇ. ಆದರೆ ಭಯಕ್ಕೆ ದೂರ ಗೊತ್ತಾಗುವುದಿಲ್ಲ. ಕತ್ತಲಾದ ಮೇಲೆ ಹನೂರು ಕಡೆಯ ನೆಂಟರು ಬರುತ್ತಿರಲಿಲ್ಲ. (ಮುಂದೆ ಅದೇ ಕ್ಯಾಸೆಟ್ಟು ಬೇರೊಂದು ಕೆಲಸಕ್ಕೂ ಬಂದಿತು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ಒಯ್ದಾಗ, 108 ದಿನಗಳ ಆ ಅವಧಿಯಲ್ಲಿ ಕಾಡಿನ ಸುದ್ದಿ ನಾಡಿಗೆ ಬಂದದ್ದು ಧ್ವನಿಸುರುಳಿಗಳ ಮೂಲಕ. ಹಾಡು ಕೇಳುವ ಟೇಪನ್ನು ಜನ ಆಗ ಎದೆ ಹಿಡಿದುಕೊಂಡು ಕೇಳಿದರು.)

ನಮ್ಮ ಮನೆಯೊಳಗಿನ ಸ್ಥಿತಿಯೂ ಅಷ್ಟೇನೂ ಚೆನ್ನಾಗಿರಲಿಲ್ಲ. ಬೋರ್‌ವೆಲ್ಲಿನ ನೀರಿನ ಸರದಿಯ ವಿಷಯವಾಗಿ ನನ್ನ ತಂದೆಗೂ ಚಿಕ್ಕಪ್ಪನಿಗೂ ಮಾತು ನಿಂತು ಎರಡು ವರ್ಷವಾಗಿದ್ದಿತು. ಒಂದೇ ಸೂರು, ಎರಡು ಒಲೆ. ಏನಾದರೂ ತಿಳಿಸಬೇಕಾದರೆ ಮಕ್ಕಳಾದ ನಾವೇ ಅಂಚೆಯವರು. ಅಜ್ಜಿ ಮಾತ್ರ ಹಬ್ಬವನ್ನು ಎರಡು ಮಾಡಲು ಒಪ್ಪಲಿಲ್ಲ. ಗೌರಿ ಒಬ್ಬಳೇ, ಗಣೇಶ ಒಬ್ಬನೇ ಎಂದು ಹಟ ಹಿಡಿದರು. ರೇಷ್ಮೆಗೂಡಿನ ದುಡ್ಡು ಬಂದಿದ್ದ ಚಿಕ್ಕಪ್ಪ ವಿ.ಸಿ.ಪಿ. ತರಿಸಿದರು. ತಂದೆ 'ಬೇಡ' ಎನ್ನಲಿಲ್ಲ, 'ಬೇಕು' ಎಂದೂ ಎನ್ನಲಿಲ್ಲ. ಬಾಗಿಲ ಬಳಿ ಗೋಡೆಗೊರಗಿ ಕೂತರು. ಚಿಕ್ಕಪ್ಪ ಇನ್ನೊಂದು ಗೋಡೆಗೆ. ನಡುವೆ ಊರು.

ಮೊದಲು ಪೌರಾಣಿಕ, ಆಮೇಲೆ ರಾಜಕುಮಾರ್, ನಿದ್ದೆ ಎಳೆಯುವ ಹೊತ್ತಿಗೆ ಹಾಸ್ಯ - ಇದು ಯಂತ್ರದವನ ಕ್ರಮ. 'ಗಣೇಶನ ಮದುವೆ' ಮೊದಲಾದಾಗ ಮಕ್ಕಳಲ್ಲಿ ಅರ್ಧ ಮಂದಿ ಮಲಗಿದ್ದರು. ಹತ್ತೇ ನಿಮಿಷದಲ್ಲಿ ನಗುವಿನ ಸದ್ದಿಗೆ ಎದ್ದು ಕೂತೆವು. ವಠಾರವೆಂಬುದನ್ನು ನಮ್ಮೂರಿನ ಬಹಳ ಜನ ಕಂಡವರೇ ಅಲ್ಲ. ಸಾಲು ಮನೆ, ಒಂದು ನಲ್ಲಿ, ಒಬ್ಬ ಮಾಲೀಕ, ಯಾರ ಮನೆಯಲ್ಲಿ ಏನು ಬೇಯುತ್ತಿದೆಯೆಂದು ಎಲ್ಲರಿಗೂ ಗೊತ್ತು. 'ಇದೇನು, ನಮ್ಮ ಕೇರಿಗೇ ಬಾಡಿಗೆ ಹಾಕಿದಂಗದೆ' ಎಂದು ಯಾರೋ ಅಂದರು. ಅದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಆಮೇಲೆ ಎಲ್ಲಿಯೂ ಓದಲಿಲ್ಲ. ಜಗಳವಾಡುವವರಿಬ್ಬರೂ ಕಾಗದದಲ್ಲಿ ಒಲಿದುಕೊಂಡದ್ದನ್ನು ಕಂಡು ಅಜ್ಜಿ ಎಲ್ಲರಿಗೂ ಕೇಳುವಂತೆ, 'ನಮ್ಮ ಮನೇಲಿ ಇಬ್ರವ್ರೆ, ಅವ್ರೂವೆ ಕಾಗ್ದ ಬರ್ಕಳ್ಳಿ' ಎಂದರು. ಊರು ನಕ್ಕಿತು. ತಂದೆಯೂ ನಕ್ಕರು, ಚಿಕ್ಕಪ್ಪನೂ ನಕ್ಕರು. ಬೇರೆ ಬೇರೆ ಗೋಡೆಗಳ ಕಡೆ ತಿರುಗಿಕೊಂಡು.

ಸ್ವಲ್ಪ ಹೊತ್ತಿಗೆ ವಿದ್ಯುತ್ತು ಹೋಯಿತು. ವಾಚಕರು ನಗಬಹುದು: ಶಿವನಸಮುದ್ರ ನಮ್ಮ ತಾಲ್ಲೂಕಿನ ಅಂಚಿನಲ್ಲೇ ಇದೆ. 1902ರಲ್ಲಿ ಅಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಸುಮಾರು ನೂರು ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು; 1905ರಲ್ಲಿ ಬೆಂಗಳೂರನ್ನು ಬೆಳಗಿತು. ತೊಂಬತ್ತು ವರ್ಷದ ಮೇಲೂ ಹಬ್ಬದ ರಾತ್ರಿ ನಮ್ಮ ಪಡಸಾಲೆ ಕತ್ತಲು. ಎಷ್ಟು ಹೊತ್ತು ಹಾಗೆ ಕೂತೆವೋ ನೆನಪಿಲ್ಲ, ನಾನು ನಿದ್ದೆ ಹೋದೆ. ಚಿತ್ರದ ಕೊನೆಯನ್ನು ನಾನು ನೋಡಿದ್ದು ಆರು ವರ್ಷಗಳಾದ ಮೇಲೆ, ಮೈಸೂರಿನಲ್ಲಿ.

ಮರುವರ್ಷ ಚಿಕ್ಕಪ್ಪ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿ ಒಂದು ವಠಾರದಲ್ಲೇ ಸೇರಿದರು. ರಮಣಮೂರ್ತಿಯಂತಹವರು ಕಥೆಯಲ್ಲಿ ಮಾತ್ರವಲ್ಲ ಇದ್ದದ್ದು. ನಾನು ಈಗ ಆ ಚಿತ್ರವನ್ನು ನೋಡುವಾಗ ನಗುವಿನ ಅಡಿಯಲ್ಲಿ ಒಂದು ಕಾಯಿದೆ ಕಾಣುತ್ತದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಬಾಡಿಗೆದಾರನನ್ನು ಎಬ್ಬಿಸಲು ಮಾಲೀಕ ಕೋರ್ಟಿಗೆ ಹೋಗಿ, ಕಾಯಿದೆಯಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನಾದರೂ ಸಾಬೀತು ಮಾಡಬೇಕಿತ್ತು. ಆದ್ದರಿಂದ ಹಳೆಯ ಬಾಡಿಗೆದಾರ ಅಲುಗುತ್ತಿರಲಿಲ್ಲ, ಮಾಲೀಕ ಸುಣ್ಣ ಹೊಡೆಸುತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಬಿಡಲಾರದೆ ಸಹಿಸಲಾರದೆ ಬದುಕಿದರು. ನಗೆಗೆ ಇದಕ್ಕಿಂತ ಒಳ್ಳೆಯ ನೆಲ ಬೇಕೆ? 1999ರ ಹೊಸ ಕಾಯಿದೆ 2001ರ ಡಿಸೆಂಬರ್ ಕೊನೆಗೆ ಜಾರಿಗೆ ಬಂದಿತು. ಅಷ್ಟರಲ್ಲಾಗಲೇ ಎಷ್ಟೋ ವಠಾರಗಳನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟುತ್ತಿದ್ದರು. ಚಿಕ್ಕಪ್ಪನ ವಠಾರವೂ ಹೋಯಿತು. ಬೆಂಗಳೂರಿನ ವಠಾರದ ಬದುಕನ್ನು ಈಗ ಹುಡುಕಬೇಕಾದರೆ ಇಂತಹ ಹಾಸ್ಯಚಿತ್ರಗಳಲ್ಲೇ ಹುಡುಕಬೇಕು; ಗಂಭೀರ ಚಿತ್ರಗಳು ಹಳ್ಳಿಯ ಅಗ್ರಹಾರಗಳ ಕಡೆ ಹೊರಟುಹೋಗಿದ್ದುವು.

ಕ್ಯಾಸೆಟ್ಟುಗಳ ಗತಿಯೂ ವಠಾರದ ಗತಿಯೇ. ತೊಂಬತ್ತರ ದಶಕದ ಕೊನೆಗೆ ವಿಸಿಡಿ ತಟ್ಟೆಗಳು ಬಂದುವು. ಒಂದು ಚಿತ್ರಕ್ಕೆ ಎರಡು ಮೂರು ತಟ್ಟೆ. ಮೊದಲನೆಯದು ಸರಿಯಾಗಿ ಜಗಳದ ನಡುವೆ ಮುಗಿಯುತ್ತಿತ್ತು. 2007ರ ಹೊತ್ತಿಗೆ ಮೋಸರ್ ಬೇರ್ ಸಂಸ್ಥೆ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿದಾಗ, ಬಾಡಿಗೆಗೆ ಕೊಡುವವನ ವ್ಯಾಪಾರಕ್ಕೆ ಅರ್ಥವೇ ಉಳಿಯಲಿಲ್ಲ. 2016ರ ಜುಲೈಯಲ್ಲಿ ಜಪಾನಿನ ಫುನಾಯ್ ಕಂಪನಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಯಂತ್ರವೇ ಇಲ್ಲವಾದ ಮೇಲೆ ಅಟ್ಟದ ಮೇಲಿನ ಕ್ಯಾಸೆಟ್ಟುಗಳು ಬೂಷ್ಟು ಹಿಡಿದ ಪ್ಲಾಸ್ಟಿಕ್ ಇಟ್ಟಿಗೆಗಳು. ಇದು ತಮಾಷೆಯ ಮಾತಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ', ಇಂದು ನೋಡಲು ಒಂದು ಪ್ರತಿಯೂ ಇಲ್ಲ. ಜನ ನೋಡಿ ಮರೆತದ್ದಲ್ಲ, ಕಾಪಾಡಬೇಕೆಂದು ಯಾರಿಗೂ ತೋಚದೆ ಹೋದದ್ದು. ಹಾಸ್ಯಚಿತ್ರವನ್ನಂತೂ ಕಾಪಾಡಬೇಕಾದ ವಸ್ತುವೆಂದು ಎಣಿಸುವವರು ಇನ್ನೂ ಕಡಿಮೆ. 'ಗಣೇಶನ ಮದುವೆ' ಉಳಿದದ್ದು ವಿದ್ವಾಂಸರಿಂದಲ್ಲ. ವರ್ಷವರ್ಷ ಮತ್ತೆ ಹಾಕಿ ಎಂದು ಕೇಳಿದ ಅಜ್ಜಿಯರಿಂದ, ಮಕ್ಕಳಿಂದ.

ನನ್ನ ತಂದೆ 2009ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅಣ್ಣತಮ್ಮಂದಿರು ಮಾತಾಡುವಂತಾಗಿದ್ದರು. ಹೇಗೆ, ಎಂದಿನಿಂದ ಎಂಬುದನ್ನು ನಾವು ಕೇಳಿರಲಿಲ್ಲ. ಮನೆಗಳಲ್ಲಿ ಇಂತಹವನ್ನು ಕೇಳುವುದಿಲ್ಲ.

ಕಳೆದ ಗಣೇಶನ ಹಬ್ಬಕ್ಕೆ ಧನಗೆರೆಗೆ ಹೋದಾಗ ಚಿಕ್ಕಪ್ಪನೂ ಬಂದಿದ್ದರು. ಎಪ್ಪತ್ತು ದಾಟಿದೆ, ಕಿವಿ ಮಂದ. ನನ್ನ ಮಗಳು ಫೋನಿನಿಂದ ಟಿ.ವಿ.ಗೆ ಚಿತ್ರವನ್ನು ಹತ್ತಿಸಿದಳು. ಸ್ಪಿರಿಟ್ಟಿಲ್ಲ, ಹತ್ತಿಯಿಲ್ಲ, ನಡುನಡುವೆ ಸೋಪಿನ ಜಾಹೀರಾತು. ಅವಳಿಗೆ ಮೊದಲು ಅರ್ಥವಾಗದೆ ಹೋದದ್ದು ಕಾಗದದ ಸಂಗತಿ. 'ಫೋಟೋ ಕಳಿಸು ಅಂತ ಯಾಕೆ ಕೇಳಲ್ಲ?' ಎಂದಳು. ವಿವರಿಸಹೊರಟು ನಾನು ಮೇಷ್ಟರಂತೆ ಮಾತಾಡತೊಡಗಿದೆ. ಚಿಕ್ಕಪ್ಪ ಸುಮ್ಮನಿರೆಂದು ಕೈ ಮಾಡಿದರು.

ಅರ್ಧ ದಾಟಿತ್ತು. ರಮಣಮೂರ್ತಿ ಬಾಯಿ ತೆರೆದ ಒಂದು ಗಳಿಗೆಯಲ್ಲಿ ಚಿಕ್ಕಪ್ಪ ತಟ್ಟನೆ, 'ಇಲ್ಲೇ ಕರೆಂಟು ಹೋಗಿದ್ದು' ಎಂದರು.

ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಅಷ್ಟು ಕರಾರುವಾಕ್ಕಾಗಿ ಹೇಗೆ ನೆನಪಿದೆ ಎಂದು ಕೇಳಿದೆ.

'ಕತ್ಲಾತಲ್ಲ, ಆಗ ನಿಮ್ಮಪ್ಪ ಮಾತಾಡ್ಸುದ್ರು. ಎರಡು ವರ್ಸ ಆದ್ಮ್ಯಾಲೆ. ಬ್ಯಾಟ್ರಿ ಎಲ್ಲಿಟ್ಟಿದ್ದಯ್ಲಾ ಅಂದ್ರು.'

'ನೀವು ಏನಂದ್ರಿ?'

'ಹುಡುಕ್ತೀನಿ ತಾಳಣ್ಣ ಅಂದಿ. ತಡಕ್ದಿ, ತಡಕ್ದಿ, ಸಿಕ್ಲಿಲ್ಲ.' ಚಿಕ್ಕಪ್ಪ ಟಿ.ವಿ.ಯ ಕಡೆಗೇ ನೋಡುತ್ತಿದ್ದರು. 'ಕರೆಂಟು ಬಂದ್ಮ್ಯಾಲೆ ನೋಡ್ತೀನಿ, ಬ್ಯಾಟ್ರಿ ಅವರ ತೊಡೆ ಮ್ಯಾಲೇ ಅದೆ ಕನ ಮೊಗಾ.'