ಸರ್ಕಾರಿ ಅಧಿಕಾರಿಗಳಿಗೆ ಬಿಸಿನೆಸ್ ಕ್ಲಾಸ್ ಪ್ರಯಾಣ: ಯಾರಿಗೆ ಅರ್ಹತೆ, ನಿಯಮ ಏನು?

ಕೇಂದ್ರ ಸರ್ಕಾರದ ಅಧಿಕಾರಿಯೊಬ್ಬರು ಕಚೇರಿ ಕೆಲಸಕ್ಕೆ ವಿಮಾನ ಹತ್ತಿದರೆ ಟಿಕೆಟ್‌ ಹಣ ಹೋಗುವುದು ಸಾರ್ವಜನಿಕ ಬೊಕ್ಕಸದಿಂದ. ಈ ಖರ್ಚಿಗೆ ಕಡಿವಾಣ ಹಾಕುವ ಆದೇಶಗಳು ಆಗಾಗ ಹೊರಬಿದ್ದಿವೆ. ಆದರೂ ದುಬಾರಿ ದರ್ಜೆಯ ಅರ್ಹತೆ ನಿಯಮದಲ್ಲೇ ಇದೆ.

ಯಾರಿಗೆ ಯಾವ ದರ್ಜೆ?

7ನೇ ವೇತನ ಆಯೋಗದ ವರದಿಯ ನಂತರ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2017ರ ಜುಲೈ 13ರಂದು ಪ್ರಯಾಣ ಭತ್ಯೆ ನಿಯಮ ಪರಿಷ್ಕರಿಸಿತು. ವೇತನ ಶ್ರೇಣಿಯಲ್ಲಿ ಲೆವೆಲ್ 14 ಮತ್ತು ಮೇಲಿನವರು, ಅಂದರೆ ಜಂಟಿ ಕಾರ್ಯದರ್ಶಿ ಮಟ್ಟದಿಂದ ಮೇಲಿನವರು, ದೇಶದೊಳಗೆ ಬಿಸಿನೆಸ್ ಕ್ಲಾಸ್‌ನಲ್ಲಿ ಹೋಗಬಹುದು. ಲೆವೆಲ್ 6ರಿಂದ 13ರವರೆಗಿನವರಿಗೆ ಎಕಾನಮಿ ಕ್ಲಾಸ್. ಲೆವೆಲ್ 5 ಮತ್ತು ಕೆಳಗಿನವರಿಗೆ ರೈಲು ಪ್ರಯಾಣ.

ವಿದೇಶ ಪ್ರವಾಸವಾದರೆ ಲೆವೆಲ್ 17 ಮತ್ತು ಮೇಲಿನವರಿಗೆ ಫಸ್ಟ್ ಕ್ಲಾಸ್, 14ರಿಂದ 16ರವರಿಗೆ ಬಿಸಿನೆಸ್ ಕ್ಲಾಸ್, ಉಳಿದವರಿಗೆ ಎಕಾನಮಿ.

2009ರ ಮಿತವ್ಯಯದ ಗದ್ದಲ

2009ರ ಸೆಪ್ಟೆಂಬರ್‌ನಲ್ಲಿ ಈ ವಿಷಯ ದೇಶಾದ್ಯಂತ ಸುದ್ದಿಯಾಯಿತು. ಅಂದಿನ ವಿದೇಶಾಂಗ ಸಚಿವ, ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಮತ್ತು ರಾಜ್ಯ ಸಚಿವ ಶಶಿ ತರೂರ್ ದೆಹಲಿಯ ಪಂಚತಾರಾ ಹೋಟೆಲ್‌ಗಳಲ್ಲಿ ತಂಗಿದ್ದರು. ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಸೂಚನೆಯಂತೆ ಇಬ್ಬರೂ ಹೋಟೆಲ್ ತೆರವು ಮಾಡಿದರು. ಬಿಲ್ ತಮ್ಮ ಸ್ವಂತ ಹಣದಿಂದಲೇ ಎಂದು ಕೃಷ್ಣ ಸ್ಪಷ್ಟನೆ ನೀಡಿದ್ದರು.

ಸೋನಿಯಾ ಗಾಂಧಿ ಎಕಾನಮಿ ಕ್ಲಾಸ್‌ನಲ್ಲಿ ಮುಂಬೈಗೆ ಹೋದರು. ರಾಹುಲ್ ಗಾಂಧಿ ಲುಧಿಯಾನಕ್ಕೆ ಶತಾಬ್ದಿ ರೈಲು ಹತ್ತಿದರು. ಎಕಾನಮಿ ಪ್ರಯಾಣವನ್ನು 'ಕ್ಯಾಟಲ್ ಕ್ಲಾಸ್' ಎಂದು ಟ್ವೀಟ್ ಮಾಡಿದ ತರೂರ್ ಟೀಕೆಗೆ ಗುರಿಯಾಗಿ ಕ್ಷಮೆ ಕೇಳಬೇಕಾಯಿತು.

ನಿಷೇಧ ಬಂತು, ಅರ್ಹತೆ ಉಳಿಯಿತು

ಸರ್ಕಾರ ಬದಲಾದ ಮೇಲೂ ಇಂಥ ಆದೇಶ ಬಂತು. 2014ರ ಅಕ್ಟೋಬರ್‌ನಲ್ಲಿ ಹಣಕಾಸು ಸಚಿವಾಲಯ ಅಧಿಕಾರಿಗಳ ಫಸ್ಟ್ ಕ್ಲಾಸ್ ವಿಮಾನ ಪ್ರಯಾಣ ನಿಷೇಧಿಸಿತು. ಯೋಜನೇತರ ವೆಚ್ಚದಲ್ಲಿ ಶೇ.10ರಷ್ಟು ಕಡಿತವನ್ನೂ ಘೋಷಿಸಿತು. ಮೂರು ವರ್ಷದೊಳಗೆ ಬಂದ ಹೊಸ ಭತ್ಯೆ ಪಟ್ಟಿಯಲ್ಲಿ ಮಾತ್ರ ಹಿರಿಯರಿಗೆ ಫಸ್ಟ್ ಕ್ಲಾಸ್ ಅರ್ಹತೆ ಹಾಗೇ ಇತ್ತು.

2022ರ ನಿಯಮ ಏನು ಹೇಳುತ್ತದೆ?

ಏರ್ ಇಂಡಿಯಾ ಟಾಟಾ ಸಮೂಹದ ಪಾಲಾದ ಬಳಿಕ, 2022ರ ಜೂನ್‌ನಲ್ಲಿ ವೆಚ್ಚ ಇಲಾಖೆ ಹೊಸ ಸೂಚನೆ ಕೊಟ್ಟಿತು. ಅದರ ಮುಖ್ಯಾಂಶಗಳು:

* ಅರ್ಹ ದರ್ಜೆಯಲ್ಲೇ ಅತಿ ಕಡಿಮೆ ದರದ ಟಿಕೆಟ್ ಆಯ್ಕೆ ಮಾಡಬೇಕು.
* ಸಾಧ್ಯವಾದಷ್ಟು 21 ದಿನ ಮೊದಲೇ ಬುಕ್ ಮಾಡಬೇಕು.
* ಪ್ರಯಾಣಕ್ಕೆ 72 ಗಂಟೆಯೊಳಗೆ ಬುಕ್ ಮಾಡಿದರೆ ಕಾರಣ ಬರೆದುಕೊಡಬೇಕು.
* ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಮೂಲಕವೇ ಟಿಕೆಟ್ ಖರೀದಿಸಬೇಕು.

ಕೊನೇ ಕ್ಷಣದ ಎಕಾನಮಿ ಟಿಕೆಟ್ ಕೂಡ ದುಬಾರಿಯಾಗಬಲ್ಲದು. ಹಾಗಾಗಿ ಯಾವ ಸೀಟು ಎಂಬುದರ ಜತೆಗೆ ಯಾವಾಗ ಬುಕ್ ಮಾಡಿದರು ಎಂಬುದೂ ಮುಖ್ಯ.

ಜನರು ಲೆಕ್ಕ ಕೇಳಬಹುದೇ?

ಕೇಳಬಹುದು. ಸಚಿವರು, ಜಂಟಿ ಕಾರ್ಯದರ್ಶಿ ಮತ್ತು ಮೇಲಿನ ಅಧಿಕಾರಿಗಳ ಅಧಿಕೃತ ಪ್ರವಾಸದ ವಿವರವನ್ನು ತಾವಾಗಿಯೇ ಪ್ರಕಟಿಸುವಂತೆ 2012ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಿಬ್ಬಂದಿ ಇಲಾಖೆ ಎಲ್ಲ ಸಚಿವಾಲಯಗಳಿಗೆ ಸೂಚಿಸಿದೆ. ವಿವರ ಕಾಣದಿದ್ದರೆ ಬೆಂಗಳೂರಿನವರಾಗಲಿ, ಚೆನ್ನೈನ ಪೋರೂರಿನವರಾಗಲಿ, ಯಾವುದೇ ನಾಗರಿಕರು 10 ರೂ. ಶುಲ್ಕ ಕಟ್ಟಿ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಟಿಕೆಟ್ ದರ್ಜೆ, ಬುಕ್ ಮಾಡಿದ ದಿನಾಂಕ ಮತ್ತು ಪಾವತಿಸಿದ ಮೊತ್ತ, ಈ ಮೂರನ್ನೂ ಕೇಳಿದರೆ ಖರ್ಚಿನ ಪೂರ್ಣ ಚಿತ್ರಣ ಸಿಗುತ್ತದೆ. ರಾಜ್ಯ ಸರ್ಕಾರಿ ಅಧಿಕಾರಿಗಳಿಗೆ ಆಯಾ ರಾಜ್ಯದ ಭತ್ಯೆ ನಿಯಮ ಅನ್ವಯಿಸುತ್ತದೆ.